ತೀರ್ಥಹಳ್ಳಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನಿಜಕ್ಕೂ ಎಷ್ಟು ಗಂಟೆ?

ಕೇಳಿದ್ದು: ಅಪ್ಪ, ಅಮ್ಮ ಜನವರಿಯಲ್ಲಿ ತೀರ್ಥಹಳ್ಳಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದಾರೆ. ಬೆಂಗಳೂರಿನಿಂದ 14,000 ಕಿ.ಮೀ. ಅಂತ ತೋರಿಸುತ್ತೆ. ಟಿಕೆಟ್‌ನಲ್ಲಿ ಬೆಳಗ್ಗೆ 4ಕ್ಕೆ ಬಿಟ್ಟು ಅದೇ ದಿನ ಮಧ್ಯಾಹ್ನ 1ಕ್ಕೆ ತಲುಪುತ್ತೆ ಅಂತಿದೆ. ಬರೀ 9 ಗಂಟೆಯೇ?

ಸಾಗರ ಊರಿನಿಂದ ಬಂದ ಉತ್ತರ: 9 ಅಲ್ಲ, ಇಪ್ಪತ್ತೆರಡೂವರೆ. ಟಿಕೆಟ್‌ನಲ್ಲಿ ಆಯಾ ಊರಿನ ಗಡಿಯಾರದ ಹೊತ್ತು ಇರುತ್ತೆ. ಜನವರಿಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ; 9ಕ್ಕೆ ಅದನ್ನು ಕೂಡಿಸಿ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಹನ್ನೆರಡೂವರೆ ಕೂಡಿಸಬೇಕು. ವಾಪಸ್ ಬರುವಾಗ ಅಷ್ಟೇ ಕಳೆಯಬೇಕು.

14,000 ಅನ್ನೋದು ನೇರ ದೂರ. ಗೋಡೆ ನಕ್ಷೆ ನೋಡಿದರೆ ಈ ದಾರಿ ಅರ್ಥವಾಗಲ್ಲ. 30 ಸೆಂ.ಮೀ. ಅಡ್ಡಗಲದ ಗ್ಲೋಬ್ ಮೇಲೆ ಎರಡೂ ಊರಿಗೆ ದಾರ ಬಿಗಿಹಿಡಿದು ನೋಡಿ: ದಾರ ಚೀನಾ, ಸೈಬೀರಿಯಾ ದಾಟಿ, ಆರ್ಕ್‌ಟಿಕ್ ಅಂಚು ಸವರಿ ಅಲಾಸ್ಕಾ ಕಡೆಯಿಂದ ಇಳಿಯುತ್ತೆ. ಅಳೆದರೆ ಸುಮಾರು 33 ಸೆಂ.ಮೀ., ಒಂದು ಸೆಂ.ಮೀ.ಗೆ 425 ಕಿ.ಮೀ. ದುಬೈ ಮೇಲೆ ಹೋದರೆ 2,700 ಮತ್ತು 13,000, ಒಟ್ಟು 15,700. ಫ್ರಾಂಕ್‌ಫರ್ಟ್ ಮೇಲೆ 16,500ರ ಆಸುಪಾಸು.

ಭದ್ರಾವತಿಯಿಂದ: ದೂರವನ್ನು ವಿಮಾನದ ವೇಗ, ಅಂದರೆ ಗಂಟೆಗೆ 900 ಕಿ.ಮೀ.ಯಿಂದ ಭಾಗಿಸಿ, ಪ್ರತಿ ಹಾರಾಟಕ್ಕೂ ಏರೋದು, ಇಳಿಯೋದು, ರನ್‌ವೇ ಓಡಾಟ ಅಂತ ಮುಕ್ಕಾಲು ಗಂಟೆ ಸೇರಿಸಿ. ದುಬೈ ದಾರಿಯಲ್ಲಿ ಮೊದಲ ಹಾರಾಟ ಸುಮಾರು 4 ಗಂಟೆ, ಎರಡನೆಯದು ಈ ಲೆಕ್ಕಕ್ಕೆ 15 ಗಂಟೆ ಚಿಲ್ಲರೆ, ನಿಜದಲ್ಲಿ 16 ಹಿಡಿಯಿರಿ, ನಡುವೆ ಎರಡೂವರೆ ಗಂಟೆ ಕಾಯೋದು. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತೆ, ಚಳಿಗಾಲದಲ್ಲಿ ಇನ್ನೂ ಜಾಸ್ತಿ. ಅದಕ್ಕೇ ಫ್ರಾಂಕ್‌ಫರ್ಟ್‌ನಿಂದ ಅಮೆರಿಕಕ್ಕೆ ಹೋಗೋದಕ್ಕಿಂತ ಬರೋದು ಬೇಗ.

ಶಿವಮೊಗ್ಗದಿಂದ: ನೀವು ಲೆಕ್ಕ ಶುರುಮಾಡಬೇಕಾದ್ದು ತೀರ್ಥಹಳ್ಳಿ ಮನೆ ಬಾಗಿಲಿನಿಂದ. ಕಾರಲ್ಲಿ ದೇವನಹಳ್ಳಿಯ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಊಟ, ಕಾಫಿ ಸೇರಿ 8 ಗಂಟೆ, ನಿಲ್ದಾಣದಲ್ಲಿ 4, ಹಾರಾಟಕ್ಕೆ ಇಪ್ಪತ್ತೆರಡೂವರೆ, ಅಲ್ಲಿ ಇಮಿಗ್ರೇಶನ್‌ಗೆ ಒಂದೂವರೆ. ಒಟ್ಟು 36 ಗಂಟೆ.

ಶಿವಮೊಗ್ಗದ ವಿಮಾನ ನಿಲ್ದಾಣ ಇರುವ ಸೋಗಾನೆಯಿಂದ ಬೆಂಗಳೂರಿಗೆ ವಿಮಾನ ಒಂದೇ ಗಂಟೆ, ನಿಜ. ಆದರೆ ಟಿಕೆಟ್ ಬೇರೆಬೇರೆ ಇದ್ದರೆ ಅಪಾಯ ಪೂರ್ತಿ ನಿಮ್ಮದು. ಬೆಳಗಿನ ಮಂಜಿಗೋ ಮಳೆ ಮೋಡಕ್ಕೋ ಮೊದಲನೆಯದು ತಡವಾದರೆ ಎರಡನೆಯದು ನಿಮಗಾಗಿ ಕಾಯಲ್ಲ, ದುಡ್ಡೂ ಬರಲ್ಲ. ಒಳನಾಡಿನ ವಿಮಾನದಲ್ಲಿ ಸಾಮಾನ್ಯವಾಗಿ 15 ಕೆ.ಜಿ. ಸಾಮಾನು, ಅಮೆರಿಕಕ್ಕೆ ಹಲವು ಟಿಕೆಟ್‌ನಲ್ಲಿ 23 ಕೆ.ಜಿ.ಯ ಎರಡು ಪೆಟ್ಟಿಗೆ. ಹೆಚ್ಚಿನದಕ್ಕೆ ಸೋಗಾನೆಯಲ್ಲೇ ದುಡ್ಡು ಕಟ್ಟಬೇಕು. ಟರ್ಮಿನಲ್ 1ರಲ್ಲಿ ಇಳಿಸಿದರೆ ಪೆಟ್ಟಿಗೆ ಬಿಡಿಸಿಕೊಂಡು ಟರ್ಮಿನಲ್ 2ಕ್ಕೆ ಬಸ್ ಹಿಡಿಯಬೇಕು. ವಿಮಾನದಲ್ಲೇ ಹೋಗೋದಾದರೆ ಹಿಂದಿನ ದಿನವೇ ಹೋಗಿ ದೇವನಹಳ್ಳಿ ಕಡೆ ತಂಗಲಿ.

ಸಾಗರದಿಂದ: ದುಬೈನಲ್ಲಿ ಎರಡು ಗಂಟೆಗಿಂತ ಕಡಿಮೆ ಬಿಡುವಿನ ಟಿಕೆಟ್ ವಯಸ್ಸಾದವರಿಗೆ ಬೇಡವೇ ಬೇಡ. ಗಾಲಿಕುರ್ಚಿಯನ್ನು 48 ಗಂಟೆ ಮೊದಲೇ ಹೇಳಿಡಿ. 16 ಗಂಟೆಯ ಹಾರಾಟಕ್ಕೆ ಓಣಿ ಪಕ್ಕದ ಸೀಟೇ ಇರಲಿ, ಎರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡದಿದ್ದರೆ ಕಾಲು ಬಾತುಕೊಳ್ಳುತ್ತೆ.