ಮೊದಲ ಆಲ್ಬಂ ಮಾಡುವ ಮುಂಚೆ ಏನೇನು ನೋಡಿಕೊಳ್ಳಬೇಕು?

ಪ್ರಶ್ನೆ: ನಮಸ್ಕಾರ. ನಾನು ಧಾರವಾಡದವಳು. ಹಾಡು ಬರೆದು, ಮಟ್ಟು ಹಾಕಿ, ಗಿಟಾರ್ ನುಡಿಸಿಕೊಂಡು ನಾನೇ ಹಾಡುತ್ತೇನೆ. ಮೊದಲ ಆಲ್ಬಂ ಮಾಡಬೇಕು ಅಂತಿದ್ದೇನೆ. ಹೆಚ್ಚಿನವು ನನ್ನವೇ. ಜೊತೆಗೆ ಶರೀಫರ ‘ಸೋರುತಿಹುದು ಮನೆಯ ಮಾಳಿಗಿ’, ಬೇಂದ್ರೆಯವರ ಒಂದು ಕವಿತೆ. ದುಡ್ಡು ಜಾಸ್ತಿ ಇಲ್ಲ. ಮೊದಲು ಯಾವುದಕ್ಕೆ ಕೈ ಹಾಕಲಿ?

ಭಾವಗೀತೆ ಹಾಡುವವರು, ಹುಬ್ಬಳ್ಳಿ: ತಂಗಿ, ಸ್ಟುಡಿಯೋ ಬುಕ್ ಮಾಡುವ ಮುಂಚೆ ಬೇಂದ್ರೆ ಕವಿತೆಗೆ ಅನುಮತಿ ಕೇಳಿಬಿಡು. ಕವಿ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತೆ. ಬೇಂದ್ರೆಯವರು ತೀರಿಕೊಂಡಿದ್ದು 1981ರಲ್ಲಿ. ಅಂದರೆ 2041 ಮುಗಿಯುವ ತನಕ ಕೇಳಲೇಬೇಕು. ಬಾಯಿಮಾತು ಸಾಲದು, ಕಾಗದದ ಮೇಲೆ ಇರಲಿ. ಶರೀಫರು ಹೋಗಿದ್ದು 1889ರಲ್ಲಿ, ಅವರ ಪದ ಯಾರು ಬೇಕಾದರೂ ಹಾಡಬಹುದು. ಆದರೆ ಮಟ್ಟಿನ ವಿಷಯ ಬೇರೆ. ಸಿ. ಅಶ್ವಥ್ ಹಾಡಿದ್ದು ನಮ್ಮ ಕಿವಿಯಲ್ಲಿ ಎಷ್ಟು ಕೂತಿದೆ ಅಂದರೆ, ಅದೇ ಶರೀಫರ ಕಾಲದ ಧಾಟಿ ಅನ್ನಿಸಿಬಿಡುತ್ತೆ. ನೀನೇ ಹೊಸದಾಗಿ ಕಟ್ಟು. ರಘು ದೀಕ್ಷಿತ್ 2008ರ ಮೊದಲ ಆಲ್ಬಂನಲ್ಲಿ ಇದೇ ಪದ ಹಾಡಿದ್ದಾರೆ, ಕೇಳು. ಪದ ಅದೇ, ನಡಿಗೆಯೇ ಬೇರೆ. ಹಳೆಯದನ್ನು ಮುಟ್ಟಿದರೆ ಹಾಗೆ ಮುಟ್ಟಬೇಕು ಅಂತ ನನಗನ್ನಿಸುತ್ತೆ.

ರೆಕಾರ್ಡಿಂಗ್ ಇಂಜಿನಿಯರ್, ಬೆಂಗಳೂರು: ಸ್ಟುಡಿಯೋ ಬಾಡಿಗೆ ಗಂಟೆ ಲೆಕ್ಕದಲ್ಲಿ. ಹಾಗಾಗಿ ಪ್ರತಿ ಹಾಡಿನ ಶ್ರುತಿ, ವೇಗ ಮನೆಯಲ್ಲೇ ಗಟ್ಟಿ ಮಾಡಿಕೊಂಡು ಬನ್ನಿ. ಕ್ಲಿಕ್ (ವೇಗ ಹಿಡಿದಿಡಲು ಹೆಡ್‌ಫೋನಿನಲ್ಲಿ ಬರುವ ಟಕ್ ಟಕ್ ಸದ್ದು) ಕೇಳಿಸಿಕೊಂಡು ಹಾಡೋದೂ ಅಭ್ಯಾಸ ಆಗಿರಲಿ. ಗಿಟಾರ್ ತಂತಿ ಬದಲಿಸೋದಿದ್ದರೆ ಒಂದೆರಡು ದಿನ ಮುಂಚೆಯೇ ಬದಲಿಸಿ. ಹೊಸ ತಂತಿ ಎಳೆದುಕೊಳ್ಳುತ್ತಾ ಇರುತ್ತೆ, ಅರ್ಧ ಹಾಡಿಗೇ ಶ್ರುತಿ ಇಳಿಯುತ್ತೆ. ಇನ್ನೊಂದು, ವಾದ್ಯ ಸುಮ್ನೆ ತುಂಬಬೇಡಿ. ಬರೆದವರೇ ಹಾಡುವಾಗ ಜನ ಕಿವಿಗೊಡೋದು ಮಾತಿಗೆ, ಅಲ್ವಾ? ಒತ್ತಕ್ಷರ ತಬಲಾದ ಪೆಟ್ಟಿನಡಿ ಮುಚ್ಚಿಹೋದರೆ ಸಾಲೇ ಹೋಯಿತು. ಕೆಲಸ ಮುಗಿದ ಮೇಲೆ ಬರೀ ಎಂಪಿ3 ಇಸ್ಕೊಂಡು ಹೋಗಬೇಡಿ. 24 ಬಿಟ್ ವೇವ್ ಫೈಲ್ (ಗುಣಮಟ್ಟ ಕುಗ್ಗಿಸದ ಮೂಲ ಫೈಲ್), ಧ್ವನಿ ಬೇರೆ, ಗಿಟಾರ್ ಬೇರೆ, ಎಲ್ಲ ನಿಮ್ಮ ಹಾರ್ಡ್ ಡಿಸ್ಕಿಗೆ ಹಾಕಿಸಿಕೊಳ್ಳಿ.

ಸ್ವಂತ ಹಾಡು ಬಿಡುಗಡೆ ಮಾಡಿದವರು, ಮೈಸೂರು: ಜೊತೆಗೆ ನುಡಿಸುವವರು ಎಷ್ಟೇ ಆಪ್ತರಿರಲಿ, ಯಾವ ಹಾಡಿನ ಸಾಹಿತ್ಯ ಯಾರದ್ದು, ಸಂಗೀತ ಯಾರದ್ದು, ಯಾರಿಗೆ ಎಷ್ಟು ಪಾಲು ಅಂತ ಒಂದು ಹಾಳೆಯಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ. ನಮ್ಮ ತಂಡ ಇವತ್ತಿಗೂ ಒಟ್ಟಿಗಿರೋದಕ್ಕೆ ಆ ಹಾಳೆಯೂ ಒಂದು ಕಾರಣ. ಆಡಿಯೋ ಕಂಪನಿಗೆ ಹಕ್ಕು ಬರೆದುಕೊಟ್ಟರೂ ರಾಯಲ್ಟಿಯಲ್ಲಿ ನಿಮ್ಮ ಪಾಲು ಹೋಗಲ್ಲ, ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಅದನ್ನು ಕಾಪಾಡುತ್ತೆ. ಆ ಹಣ ಕೈಗೆ ಬರೋಕೆ, ಹಾಡು ಬರೆದವರ, ಸಂಗೀತ ಮಾಡಿದವರ ಪರವಾಗಿ ರಾಯಲ್ಟಿ ವಸೂಲು ಮಾಡುವ ಸಂಸ್ಥೆಯಾದ ಐಪಿಆರ್‌ಎಸ್ ಸದಸ್ಯರಾಗಿ. ಡಿಸ್ಟ್ರಿಬ್ಯೂಟರ್ (ಹಾಡನ್ನು ಆನ್‌ಲೈನ್ ಆ್ಯಪ್‌ಗಳಿಗೆ ತಲುಪಿಸುವ ಕಂಪನಿ) ಮೂಲಕ ಹಾಡು ಹಾಕಿದಾಗ ಒಂದೊಂದು ರೆಕಾರ್ಡಿಂಗನ್ನೂ ಗುರುತಿಸುವ, ಅಕ್ಷರ-ಅಂಕಿ ಸೇರಿ 12 ಇರುವ ಐಎಸ್‌ಆರ್‌ಸಿ ಕೋಡ್ ಸಿಗುತ್ತೆ, ಬರೆದಿಟ್ಟುಕೊಳ್ಳಿ. ಮುಂದೆ ಡಿಸ್ಟ್ರಿಬ್ಯೂಟರ್ ಬದಲಿಸಿದರೆ ಅದೇ ಕೋಡ್ ಕೊಡಬೇಕು. ಬಿಡುಗಡೆ ದಿನಾಂಕ ಮಾತ್ರ ಬೇಂದ್ರೆಯವರ ಮನೆಯಿಂದ ಕಾಗದ ಬಂದ ಮೇಲೆಯೇ ಇಟ್ಟುಕೊಳ್ಳಿ.