ಮಂಗಳೂರಿನ ಕ್ಯಾಥೊಲಿಕ್ ಹೈಸ್ಕೂಲು, ಮಗಳು ಎಂಟನೇ ಕ್ಲಾಸು: ಶನಿವಾರದ ಸೇವೆಗೆ ಕಳಿಸಲಾ?

ಹಾಸನದವಳು:

ಎಲ್ಲರಿಗೂ ನಮಸ್ಕಾರ. ಯಜಮಾನರಿಗೆ ವರ್ಗವಾಗಿ ಈ ಜೂನ್‌ನಲ್ಲಿ ಮಂಗಳೂರಿಗೆ ಬಂದೆವು. ಮಗಳನ್ನು ಸಿಸ್ಟರ್‌ಗಳು ನಡೆಸುವ ಒಂದು ಅನುದಾನಿತ ಹೈಸ್ಕೂಲಿಗೆ ಸೇರಿಸಿದ್ದೇವೆ. ಪಾಠ ಚೆನ್ನಾಗಿದೆ, ಶಿಸ್ತೂ ಇದೆ. ಹೋದ ವಾರ ಅವಳು ವೈಸಿಎಸ್/ವೈಎಸ್‌ಎಂ ಅಂತ ಒಂದು ವಿದ್ಯಾರ್ಥಿ ಸಂಘದ ಫಾರಂ ತಂದು "ಅಮ್ಮಾ, ಸಹಿ ಹಾಕು" ಅಂದಳು. ಶನಿವಾರ ಬೆಳಗಿನ ಕ್ಲಾಸು ಮುಗಿದ ಮೇಲೆ ಹತ್ತಿರದ ವೃದ್ಧಾಶ್ರಮಕ್ಕೆ ಹೋಗುತ್ತಾರಂತೆ, ಟೀಚರ್ ಒಬ್ಬರು ಜೊತೆಗಿರುತ್ತಾರಂತೆ.

ನಮ್ಮ ಅತ್ತೆಗೆ ಇದು ಇಷ್ಟವಿಲ್ಲ. ಅದು ಚರ್ಚಿನವರ ಸಂಘ, ಸೇವೆ ಅಂತ ಕರೆದು ಧರ್ಮ ಕಲಿಸುತ್ತಾರೆ ಅನ್ನುತ್ತಾರೆ. ಯಜಮಾನರಿಗೆ ಎಸ್‌ಎಸ್‌ಎಲ್‌ಸಿ ಚಿಂತೆ, ಈಗಲೇ ಶನಿವಾರ ಎಲ್ಲ ಹೋದರೆ ಹೇಗೆ ಅಂತ. ನನ್ನ ಚಿಂತೆ ಬೇರೆ. ಅವಳಿಗೆ ತುಳು ಬರಲ್ಲ, ಕೊಂಕಣಿ ಬರಲ್ಲ, ಕ್ಲಾಸಲ್ಲಿ ಹುಡುಗಿಯರು ಮಾತಾಡಿಕೊಂಡು ನಕ್ಕರೆ ಇವಳು ಸುಮ್ನೆ ಕೂತಿರುತ್ತಾಳಂತೆ. ಎರಡು ತಿಂಗಳಲ್ಲಿ ಒಬ್ಬ ಗೆಳತಿಯ ಹೆಸರೂ ನನಗೆ ಹೇಳಿಲ್ಲ. ಅಲ್ಲಿ ಹೋಗಿ ಇನ್ನೂ ಒಂಟಿಯಾದರೆ? ಇಂಥ ಶಾಲೆಗಳಲ್ಲಿ ಓದಿದವರು, ಕಲಿಸಿದವರು ಇದ್ದರೆ ದಯವಿಟ್ಟು ಹೇಳಿ.

ಕುಡ್ಲದ ಹಳೇ ವಿದ್ಯಾರ್ಥಿ:

ಅಕ್ಕಾ, ಕಳಿಸಿ. ನಮ್ಮ ಮನೆ ದೇವಸ್ಥಾನದ ಪಕ್ಕದಲ್ಲೇ ಉಂಟು, ಹತ್ತು ವರ್ಷ ಕ್ಯಾಥೊಲಿಕ್ ಶಾಲೆಯಲ್ಲೇ ಓದಿದ್ದು, ಈಗಲೂ ದಿನಾ ದೇವಸ್ಥಾನಕ್ಕೆ ಹೋಗುವವನೇ ನಾನು. ಕ್ರಿಶ್ಚಿಯನ್ ಮಕ್ಕಳಿಗೆ ಧರ್ಮೋಪದೇಶದ ಪೀರಿಯಡ್ ಇರುವಾಗ ನಮಗೆ ಪಕ್ಕದ ರೂಮಿನಲ್ಲಿ ನೀತಿಪಾಠ. ಅಸೆಂಬ್ಲಿಯಲ್ಲಿ ಪ್ರಾರ್ಥನೆ ಇತ್ತು, ಕೈ ಮುಗಿದು ನಿಲ್ಲುತ್ತಿದ್ದೆವು, ಅಷ್ಟೇ. ಸೆಪ್ಟೆಂಬರ್ 8ರ, ಮಾತೆ ಮರಿಯಳ ಹುಟ್ಟುಹಬ್ಬವಾದ ಮೊಂತಿ ಫೆಸ್ತ್‌ಗೆ ಮೊದಲು ಒಂಬತ್ತು ದಿನ ಗೆಳೆಯರು ಮಾತೆ ಮರಿಯಳಿಗೆ ಹೂ ಒಯ್ಯುತ್ತಿದ್ದರು. ನಮ್ಮ ಅಂಗಳದ ಹೂವೂ ಅದರಲ್ಲಿ ಇರುತ್ತಿತ್ತು, ಅಮ್ಮನೇ ಬುಟ್ಟಿಗೆ ಹಾಕಿ ಕೊಡುತ್ತಿದ್ದರು. ಹಬ್ಬಕ್ಕೆ ಅವರಲ್ಲಿ ಹೊಸ ತೆನೆ ಮನೆಗೆ ತರುವ ಕ್ರಮ ಉಂಟು, ನಮ್ಮಲ್ಲೂ ತೆನೆ ಕಟ್ಟುವ ಕ್ರಮ ಉಂಟು. ನಮಗೆ ಅದೇನೂ ಬೇರೆಯವರದ್ದು ಅಂತ ಅನಿಸಿದ್ದೇ ಇಲ್ಲ.

ಸೇವೆ ಅಂದರೆ ನನಗೆ ನೆನಪಾಗುವುದು ಅಕ್ಕಿಯ ಡಬ್ಬ. ಪ್ರತಿ ಶುಕ್ರವಾರ ಒಬ್ಬೊಬ್ಬರೂ ಮನೆಯಿಂದ ಒಂದು ಹಿಡಿ ಅಕ್ಕಿ ತರಬೇಕು, ಕ್ಲಾಸಿನ ಬಾಗಿಲ ಹತ್ತಿರ ಇಟ್ಟ ದೊಡ್ಡ ಬಿಸ್ಕತ್ತಿನ ಡಬ್ಬಕ್ಕೆ ಹಾಕಬೇಕು. ತಿಂಗಳ ಕೊನೆಗೆ ನಾವು ನಾಲ್ಕು ಜನ ಹೊತ್ತುಕೊಂಡು ಒಂದು ಅನಾಥಾಶ್ರಮಕ್ಕೆ ಕೊಟ್ಟು ಬರುತ್ತಿದ್ದೆವು. ಮೊದಲ ಸಲ ಹೋದಾಗ ಅಡಿಗೆಯ ಬಾಯಮ್ಮ ಡಬ್ಬ ತೆರೆದು, ಕೈ ಹಾಕಿ ನೋಡಿ, "ಮಕ್ಕಳೇ, ಕುಚ್ಚಲಕ್ಕಿ, ಬೆಳ್ತಿಗೆ ಅಕ್ಕಿ ಎರಡೂ ಬೆರೆಸಿ ತಂದಿದ್ದೀರಲ್ಲ, ಕುಚ್ಚಲಕ್ಕಿ ಬೇಯುವಾಗ ಬೆಳ್ತಿಗೆ ಕರಗಿ ಗಂಜಿಯಾಗುತ್ತದೆ, ನಾನು ಹೇಗೆ ಬಡಿಸಲಿ?" ಅಂತ ಕೇಳಿದರು. ನಾವು ಕೊಡುತ್ತಿದ್ದೇವೆ ಅಂತ ಎದೆ ಉಬ್ಬಿಸಿಕೊಂಡು ಹೋಗಿದ್ದೆವು, ಆದರೆ ಅದನ್ನು ಬೇಯಿಸಿ ಬಡಿಸುವವರ ಯೋಚನೆಯೇ ನಮಗೆ ಬಂದಿರಲಿಲ್ಲ. ಅವತ್ತು ಆ ಜಗಲಿಯಲ್ಲೇ ಕೂತು ಮೊರದಲ್ಲಿ ಹಾಕಿ ಆರಿಸಿದೆವು ಮಾರಾಯ್ರೆ, ಸಂಜೆಯಾಯಿತು. ಮುಂದಿನ ತಿಂಗಳಿಂದ ಎರಡು ಡಬ್ಬ.

ಭಾಷೆಯ ಚಿಂತೆ ಬೇಡ. ಕ್ಲಾಸಲ್ಲಿ ಸುಮ್ಮನೆ ಕೂತರೆ ತುಳು ಬರುವುದಿಲ್ಲ. ಕೈಯಲ್ಲಿ ಒಟ್ಟಿಗೆ ಮಾಡುವ ಕೆಲಸ ಇದ್ದರೆ ಬರುತ್ತದೆ.

ನಿವೃತ್ತ ಗಣಿತ ಟೀಚರ್:

ನಾನು ಕ್ಯಾಥೊಲಿಕ್ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ 26 ವರ್ಷ ಕಲಿಸಿದೆ. ನಾನು ಕ್ರಿಶ್ಚಿಯನ್ ಅಲ್ಲ.

ಮೊದಲು ಅತ್ತೆಯವರ ಮಾತಿಗೆ. ಅವರ ಭಯವನ್ನು ತಳ್ಳಿಹಾಕಬೇಡಿ, ನೇರವಾಗಿ ಉತ್ತರ ಕೊಡಿ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ನಡೆಸುವ ಹಕ್ಕು ಕೊಡುತ್ತದೆ. ಹಾಗೆಯೇ 28ನೇ ವಿಧಿಯ 3ನೇ ಉಪವಿಧಿ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಯಾವ ಶಾಲೆಯೂ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧರ್ಮಬೋಧನೆಗೋ ಪೂಜೆಗೋ ಕೂರಿಸುವಂತಿಲ್ಲ ಅನ್ನುತ್ತದೆ. ಅಂದರೆ ಆ ಒಪ್ಪಿಗೆ ಕೊಡುವುದು, ಬಿಡುವುದು ನಿಮ್ಮ ಕೈಯಲ್ಲೇ ಇದೆ.

ಇನ್ನು ಆ ಫಾರಂ. ವೈಸಿಎಸ್ ಅಂದರೆ ಯಂಗ್ ಕ್ರಿಶ್ಚಿಯನ್ ಸ್ಟೂಡೆಂಟ್ಸ್, ಬೇರೆ ಧರ್ಮದ ಮಕ್ಕಳಿಗಾಗಿ ವೈಎಸ್‌ಎಂ, ಯಂಗ್ ಸ್ಟೂಡೆಂಟ್ಸ್ ಮೂವ್‌ಮೆಂಟ್. ಅದಕ್ಕೇ ಎರಡು ಹೆಸರು ಹಾಕಿದ್ದಾರೆ. ಇವರ ಕೆಲಸದ ರೀತಿ ಬೆಲ್ಜಿಯಂನ ಪಾದ್ರಿ ಜೋಸೆಫ್ ಕಾರ್ಡೈನ್ ಕೂಲಿ ಮಾಡುವ ಹುಡುಗರಿಗೆ ಹೇಳಿಕೊಟ್ಟದ್ದು: ನೋಡು, ವಿಚಾರ ಮಾಡು, ಆಮೇಲೆ ಕೈ ಹಾಕು. ನಾನು ಕಂಡದ್ದು ಹೇಳುತ್ತೇನೆ. ನನ್ನ ಒಂಬತ್ತನೇ ಕ್ಲಾಸಿಗೆ ನದಿಯಾಚೆಯ ಬೆಂಗ್ರೆಯಿಂದ ಇಬ್ಬರು ಹುಡುಗಿಯರು ದೋಣಿ ದಾಟಿ ಬರುತ್ತಿದ್ದರು. ಮಳೆಗಾಲದಲ್ಲಿ ದೋಣಿ ತಡವಾದರೆ ಮೊದಲ ಪೀರಿಯಡ್ ಪೂರ್ತಿ ಹೊರಗೆ ನಿಲ್ಲಬೇಕಿತ್ತು. ನಿಯಮ ಅಂದರೆ ನಿಯಮ ಅಂತ ನಾನೂ ನಿಲ್ಲಿಸಿದ್ದೇನೆ. ಆ ಸಂಘದ ಮಕ್ಕಳು ದಿನಾ ಬೆಳಿಗ್ಗೆ ತಾವೇ ದೋಣಿ ಕಟ್ಟೆಗೆ ಹೋಗಿ ನಿಂತು, ಯಾವ ದೋಣಿ ಎಷ್ಟು ಹೊತ್ತಿಗೆ ಬಂತು ಅಂತ ಒಂದು ವಾರ ಪುಸ್ತಕದಲ್ಲಿ ಬರೆದು, ಅದನ್ನು ಹೆಡ್‌ಮಿಸ್ಟ್ರೆಸ್ ಮೇಜಿನ ಮೇಲೆ ಇಟ್ಟರು. ಮಳೆಗಾಲಕ್ಕೆ ನಿಯಮ ಸಡಿಲವಾಯಿತು. ಗಣಿತ ಕಲಿಸಿದ್ದು ನಾನು, ಆದರೆ ಅದರ ಉಪಯೋಗ ತೋರಿಸಿದ್ದು ಆ ಮಕ್ಕಳು.

ಈ ಊರಿಗೆ ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳು ಬಂದದ್ದು 1870ರಲ್ಲಿ, ಜೆಸುಯಿಟ್ ಪಾದ್ರಿಗಳು ಸಂತ ಅಲೋಶಿಯಸ್ ಕಾಲೇಜು ತೆರೆದದ್ದು 1880ರಲ್ಲಿ. ಆ ಅಲೋಶಿಯಸ್ ರೋಮ್‌ನಲ್ಲಿ ಪ್ಲೇಗ್ ಬಂದಾಗ ರೋಗಿಗಳ ಆರೈಕೆ ಮಾಡುತ್ತಾ 1591ರಲ್ಲಿ ತೀರಿಕೊಂಡ, ಆಗ ಅವನಿಗೆ 23 ವರ್ಷ. ಸೇವೆ ಈ ಶಾಲೆಗಳಿಗೆ ನಿನ್ನೆ ಮೊನ್ನೆ ಬಂದದ್ದಲ್ಲ.

ಮಾರ್ಕ್ಸ್ ವಿಷಯ: ವಾರಕ್ಕೆ ಎರಡು ಗಂಟೆಯಿಂದ ಯಾರೂ ಫೇಲಾದದ್ದು ನಾನು ನೋಡಿಲ್ಲ.

ಇಬ್ಬರು ಮಕ್ಕಳ ಅಪ್ಪ:

ನಾನು ಸ್ವಲ್ಪ ಬೇರೆ ಮಾತು ಹೇಳಬೇಕು. ನನ್ನ ದೊಡ್ಡ ಮಗ ಓದಿದ ಶಾಲೆಯಲ್ಲಿ (ಹೆಸರು ಬೇಡ) ಸೇವೆ ಅಂದರೆ ಕ್ರಿಸ್‌ಮಸ್‌ಗೆ ಮುಂಚೆ ಒಂದು ದಿನ ಆಶ್ರಮಕ್ಕೆ ಹೋಗಿ ಹಾಡು ಹೇಳಿ, ಕೇಕ್ ಹಂಚಿ, ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಂಡು ಬರುವುದು. ಅದರ ಮೇಲೆ ಕಟ್ಟಡ ನಿಧಿಗೆ ಲಾಟರಿ ಟಿಕೆಟ್ ಪುಸ್ತಕ ಬೇರೆ ಕೊಟ್ಟರು, ಮಾರದೆ ಉಳಿದದ್ದಕ್ಕೆ ನಾವೇ ದುಡ್ಡು ಕಟ್ಟಿದೆವು. ಅವನು ಅಲ್ಲಿನ ಒಬ್ಬ ಅಜ್ಜನ ಹೆಸರೂ ಕೇಳದೆ ಬಂದಿದ್ದ. ನನಗೆ ತುಂಬಾ ಬೇಜಾರಾಗಿತ್ತು.

ಚಿಕ್ಕವಳ ಶಾಲೆಯೂ ಕ್ಯಾಥೊಲಿಕ್ ಶಾಲೆಯೇ, ಆದರೆ ಅಲ್ಲಿ ಹಾಗಿಲ್ಲ. ಒಂದೇ ಆಶ್ರಮಕ್ಕೆ, ಅದೇ ಆರು ಮಕ್ಕಳು, ವರ್ಷವಿಡೀ ಹೋಗುತ್ತಾರೆ. ಹಾಗಾಗಿ ಸಹಿ ಹಾಕುವ ಮುಂಚೆ ಟೀಚರನ್ನು ಕೇಳಿ, ಪ್ರತಿ ವಾರ ಅದೇ ಜಾಗಕ್ಕಾ? ಅಲ್ಲಿ ಮಕ್ಕಳು ಏನು ಮಾಡುತ್ತಾರೆ? ಬರುವಾಗ ಯಾರು ಬಿಡುತ್ತಾರೆ? ದುಡ್ಡು ಎತ್ತುವುದು ಇದೆಯಾ? ಸರಿಯಾಗಿ ನಡೆಸುವವರು ಇದಕ್ಕೆಲ್ಲ ಖುಷಿಯಿಂದಲೇ ಉತ್ತರ ಕೊಡುತ್ತಾರೆ.

ಹಾಸನದವಳು:

ಎಲ್ಲರಿಗೂ ಮನಸ್ಸಿನಿಂದ ಥ್ಯಾಂಕ್ಸ್. ಟೀಚರ್ ಹೇಳಿದ 28ನೇ ವಿಧಿಯನ್ನು ಯಜಮಾನರು ಅತ್ತೆಗೆ ಓದಿ ಹೇಳಿದರು. ಅತ್ತೆ ಪೂರ್ತಿ ಒಪ್ಪಿಲ್ಲ, ಆದ್ರೆ ಒಂದು ತಿಂಗಳು ನೋಡೋಣ ಅಂದಿದ್ದಾರೆ. ನಾನು ಶಾಲೆಗೆ ಹೋಗಿ ನೀವು ಹೇಳಿದ ನಾಲ್ಕೂ ಪ್ರಶ್ನೆ ಕೇಳಿದೆ. ಪ್ರತಿ ವಾರ ಅದೇ ವೃದ್ಧಾಶ್ರಮ, ದುಡ್ಡಿನ ಮಾತಿಲ್ಲ, ಮೂರೂವರೆಗೆ ಟೀಚರೇ ಬಸ್ ಸ್ಟಾಪಿನವರೆಗೆ ಬರುತ್ತಾರೆ.

ಮೊನ್ನೆ ಶನಿವಾರ ಮೊದಲ ಸಲ ಹೋಗಿ ಬಂದಳು. ಅಲ್ಲಿ ಒಬ್ಬ ಅಜ್ಜಿ "ಒಣಸ್ ಆಂಡಾ" ಅಂತ ಕೇಳಿದರಂತೆ, ಇವಳು ಅರ್ಥವಾಗದೆ ನಿಂತಾಗ ಜೊತೆಗಿದ್ದ ಹುಡುಗಿ, ಊಟ ಆಯ್ತಾ ಅಂತ ಕೇಳುತ್ತಿದ್ದಾರೆ ಕಣೇ ಅಂದಳಂತೆ. ಆ ಹುಡುಗಿಯ ಹೆಸರನ್ನು ಮನೆಯಲ್ಲಿ ಮೂರು ಸಲ ಹೇಳಿದಳು. ಈಗ ಮುಂದಿನ ಶನಿವಾರಕ್ಕೆ ನೇಲ್ ಕಟರ್ ಬೇಕು ಅಂತ ಹಿಂದೆ ಬಿದ್ದಿದ್ದಾಳೆ. ಆ ಅಜ್ಜಿಗೆ ಕೈ ನಡುಗುತ್ತಂತೆ, ಉಗುರು ತಾನೇ ತೆಗೆದುಕೊಳ್ಳಲು ಆಗಲ್ಲವಂತೆ.