ಥ್ರೆಶರ್ ಶಾರ್ಕ್‌ಗೆ ಅಷ್ಟು ಉದ್ದದ ಬಾಲ ಏಕೆ?

ಪ್ರಶ್ನೆ: ಥ್ರೆಶರ್ ಶಾರ್ಕ್‌ನ ಒಟ್ಟು ಉದ್ದದಲ್ಲಿ ಸುಮಾರು ಅರ್ಧ ಭಾಗ ಬಾಲವೇ ಇರುತ್ತದೆ ಎಂದು ಓದಿದೆ. ಇಂತಹ ಬಾಲದಿಂದ ಅದಕ್ಕೇನು ಪ್ರಯೋಜನ? ಅದರ ಆವಾಸ ಎಲ್ಲಿ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಬಾಲವೇ ಅದರ ಬೇಟೆಯ ಆಯುಧ. ಫಿಲಿಪ್ಪೀನ್ಸ್‌ನ ಪೆಸ್ಕಡೋರ್ ದ್ವೀಪದ ಬಳಿ ಚಿತ್ರೀಕರಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಶಾರ್ಕ್ ಸಾರ್ಡೀನ್ ಹಿಂಡಿನತ್ತ ರಭಸದಿಂದ ನುಗ್ಗಿ, ಮೂತಿಯನ್ನು ತಗ್ಗಿಸಿ, ಬಾಲವನ್ನು ತಲೆಯ ಮೇಲಿನಿಂದ ಚಾಟಿಯಂತೆ ಬೀಸುವುದು ಸ್ಪಷ್ಟವಾಗಿ ದಾಖಲಾಗಿದೆ. ಒಂದೇ ಹೊಡೆತಕ್ಕೆ ಹಲವು ಮೀನುಗಳು ಸಾಯುತ್ತವೆ ಅಥವಾ ದಿಕ್ಕುತಪ್ಪುತ್ತವೆ. ಶಾರ್ಕ್ ಹಿಂತಿರುಗಿ ಬಂದು ಅವುಗಳನ್ನು ತಿನ್ನುತ್ತದೆ. ಉದ್ದ ಹಗ್ಗದ ಗಾಳಗಳಲ್ಲಿ ಇವು ಅನೇಕ ವೇಳೆ ಬಾಲದಿಂದಲೇ ಸಿಕ್ಕಿಕೊಳ್ಳುವುದಕ್ಕೂ ಈ ಅಭ್ಯಾಸವೇ ಕಾರಣ.

ಉತ್ತರ 2: ಆವಾಸದ ಬಗ್ಗೆ ಹೇಳುವುದಾದರೆ, ಥ್ರೆಶರ್ ಶಾರ್ಕ್‌ಗಳ ಕುಲವಾದ ಅಲೋಪಿಯಾಸ್‌ನಲ್ಲಿ ಮೂರು ಪ್ರಭೇದಗಳಿವೆ. ಸಾಮಾನ್ಯ ಥ್ರೆಶರ್ ಸಮಶೀತೋಷ್ಣ ಕಡಲುಗಳಲ್ಲೂ ಇರುತ್ತದೆ, ಅದರ ಮರಿಗಳು ಕರಾವಳಿಯ ಸಮೀಪ ಬೆಳೆಯುತ್ತವೆ. ಪೆಲಾಜಿಕ್ ಥ್ರೆಶರ್ ಹಿಂದೂ ಮತ್ತು ಪೆಸಿಫಿಕ್ ಸಾಗರಗಳ ಬೆಚ್ಚನೆಯ ನೀರಿನದು. ನನಗೆ ಅತ್ಯಂತ ವಿಸ್ಮಯಕರವೆನಿಸುವುದು ದೊಡ್ಡಕಣ್ಣಿನ ಥ್ರೆಶರ್: ಹಗಲಿನಲ್ಲಿ ನೂರಾರು ಮೀಟರ್ ಆಳದ ಮಬ್ಬಿನಲ್ಲಿದ್ದು, ರಾತ್ರಿ ಮೇಲಕ್ಕೆ ಬರುವ ಅದರ ಕಣ್ಣುಗಳು, ಮೇಲಿನ ಬೇಟೆಯನ್ನು ಗುರುತಿಸಲು ಅನುವಾಗುವಂತೆ ತಲೆಯ ಮೇಲ್ಭಾಗದವರೆಗೂ ಚಾಚಿಕೊಂಡಿವೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಇವುಗಳ ಸಂತತಿ ಕುಸಿಯುತ್ತಿರುವುದೇಕೆ?

ಉತ್ತರ 1: ಮುಖ್ಯ ಕಾರಣ ಅತಿಯಾದ ಮೀನುಗಾರಿಕೆ. ಹೆಣ್ಣು ಪ್ರತಿ ಬಾರಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಮರಿಗಳನ್ನಷ್ಟೇ ಹೆರುತ್ತದೆ. ಗರ್ಭದಲ್ಲಿರುವ ಮರಿಗಳು ತಾಯಿ ಉತ್ಪಾದಿಸುವ ಫಲಿಸದ ಮೊಟ್ಟೆಗಳನ್ನು ತಿಂದು ಬೆಳೆಯುತ್ತವೆ. ಹೀಗಾಗಿ ನಷ್ಟ ತುಂಬಿಕೊಳ್ಳಲು ದೀರ್ಘಕಾಲ ಬೇಕು. 2016ರಲ್ಲಿ ಮೂರೂ ಪ್ರಭೇದಗಳನ್ನು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ (ವ್ಯಾಪಾರಕ್ಕೆ ಪರವಾನಗಿ ಬೇಕಾದ ಜೀವಿಗಳ ಪಟ್ಟಿಗೆ) ಸೇರಿಸಿದ್ದು ಅತ್ಯಗತ್ಯವಾಗಿತ್ತು.